ಬೇಸ್ ಹೊತ್ತು ಶಿಲ್ಲಾಂಗಿಗೆ, ಕೊಹಿಮಾಗೆ

ಬುಧವಾರ ರಾತ್ರಿ, ಬೆಂಗಳೂರು

2011ರ ನವೆಂಬರ್. ಅಕ್ಟೋಬರ್ 30ಕ್ಕೆ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ನಮ್ಮ ಅರಮನೆ ಮೈದಾನದಲ್ಲಿ ನುಡಿಸಿ ಹೋಗಿತ್ತು. ಊರಿನ ಬ್ಯಾಂಡ್ ಹುಡುಗರೆಲ್ಲ ಇನ್ನೂ ಅದೇ ಗುಂಗಿನಲ್ಲಿದ್ದರು. ಆ ಗುಂಗು ಇಳಿಯುವ ಮೊದಲೇ ನಾವು ನಾಲ್ವರು ಗುವಾಹಟಿ ರೈಲು ಹತ್ತಿದೆವು.

ನಮ್ಮದು ಚಿಕ್ಕ ಬ್ಯಾಂಡ್. ಡ್ರಮ್ಮರ್ ಬಸವನಗುಡಿಯವನು, ಗಿಟಾರಿಸ್ಟ್ ಮಲ್ಲೇಶ್ವರದವನು, ಹಾಡುವವನು ಹುಬ್ಬಳ್ಳಿಯವನು. ನಾನು ಸಾಗರದ ಕಡೆಯ ಅಡಿಕೆ ತೋಟದ ಮನೆಯಿಂದ ಓದಲು ಬಂದು ಬೇಸ್, ಅಂದರೆ ತಗ್ಗು ಸ್ವರದ ಗಿಟಾರ್, ಹಿಡಿದವನು. ಹಾಡುಗಳೆಲ್ಲ ಸ್ವಂತದ್ದು, ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಶಿಲ್ಲಾಂಗ್, ಗುವಾಹಟಿ, ಕೊಹಿಮಾದಲ್ಲಿ ಒಂದೊಂದು ಶೋ ಸಿಕ್ಕಿತ್ತು. ಅವರು ಕೊಡುವ ದುಡ್ಡು ಸ್ಲೀಪರ್ ಟಿಕೆಟ್ಟಿಗೂ ಊಟಕ್ಕೂ ಸರಿಹೋಗುತ್ತಿತ್ತು. ವಿಮಾನದ ಮಾತೇ ಇರಲಿಲ್ಲ.

ಸಾಮಾನು ಕಟ್ಟುವುದೇ ಒಂದು ಕೆಲಸ. ಡ್ರಮ್ ಸೆಟ್ ಎಲ್ಲಾ ಊರಲ್ಲೂ ಸಿಗುತ್ತದೆ, ಆದರೆ ಸ್ನೇರ್, ಸಿಂಬಲ್, ಕಾಲಿನ ಪೆಡಲ್ ಮಾತ್ರ ಡ್ರಮ್ಮರ್ ತನ್ನದೇ ತರಬೇಕು. ನನ್ನದು ಸೆಕೆಂಡ್ ಹ್ಯಾಂಡ್ ಯಮಹಾ ಬೇಸ್, ನಾಲ್ಕು ತಂತಿ, ಸುಮಾರು ನಾಲ್ಕು ಅಡಿ ಉದ್ದ. ಬರ್ತಿನ ಕೆಳಗೆ ಟ್ರಂಕು, ಅಕ್ಕಿ ಮೂಟೆಗಳ ನಡುವೆ ಅದನ್ನು ಬಿಡಲು ಮನಸ್ಸು ಬರಲಿಲ್ಲ. ತಂತಿಗಳನ್ನು ಒಂದಿಷ್ಟು ಸಡಿಲ ಮಾಡಿ, ಮೇಲಿನ ಬರ್ತಿನಲ್ಲಿ ಗೋಡೆ ಕಡೆಗೆ ಅದನ್ನು ಮಲಗಿಸಿ, ಈ ಕಡೆ ನಾನು ಮಲಗಿದೆ.

ಗುರುವಾರ, ಶುಕ್ರವಾರ, ರೈಲಿನಲ್ಲಿ

ಸುಮಾರು ಮೂರು ಸಾವಿರ ಕಿಲೋಮೀಟರ್. ವಿಜಯವಾಡ, ವಿಶಾಖಪಟ್ಟಣ, ಭುವನೇಶ್ವರ. ಆಮೇಲೆ ಬಂಗಾಳದ ಗದ್ದೆಗಳು, ಫರಕ್ಕಾದಲ್ಲಿ ಗಂಗೆಯ ಮೇಲಿನ ಉದ್ದದ ಸೇತುವೆ. ಇಷ್ಟು ದೂರದಲ್ಲಿ ಹೇಳಲೇಬೇಕಾದ್ದು ಒಂದೇ ಒಂದು ವಿಷಯ.

ಆಂಪ್ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಇಲ್ಲದ ಎಲೆಕ್ಟ್ರಿಕ್ ಬೇಸ್ ಸದ್ದೇ ಮಾಡುವುದಿಲ್ಲ ಅನ್ನಬಹುದು. ಅದರಲ್ಲೂ ಓಡುವ ರೈಲಿನಲ್ಲಿ ಏನೂ ಕೇಳಿಸದು. ಆದರೆ ಅದರ ತಲೆಯನ್ನು, ಅಂದರೆ ಬಿರಡೆಗಳಿರುವ ತುದಿಯನ್ನು, ಬರ್ತಿನ ಪ್ಲೈವುಡ್ ಗೋಡೆಗೆ ಒತ್ತಿ ಹಿಡಿದರೆ ಗೋಡೆಯೇ ಹಾಡಲು ಶುರು ಮಾಡುತ್ತದೆ. ತಂತಿಯ ಅದುರು ಮರದ ಹಲಗೆಗೆ ಇಳಿದು, ಹಲಗೆ ದೊಡ್ಡದಾಗಿ ಅದುರುತ್ತದೆ. ಶುಕ್ರವಾರ ಮಧ್ಯಾಹ್ನ ನಾನು ಹೀಗೆ ಅಭ್ಯಾಸ ಮಾಡುತ್ತಿದ್ದೆ. ಗೋಡೆಯ ಆ ಬದಿಯಲ್ಲಿ ರಜೆಗೆ ಊರಿಗೆ ಹೊರಟಿದ್ದ ಒಬ್ಬ ಅಸ್ಸಾಮಿ ಯೋಧರು ಮಲಗಿದ್ದರು. ಅವರು ಎದ್ದು ಬಂದು ಬೇಸನ್ನು ನೋಡಿದರು, ವಾಪಸ್ ಹೋದರು, ಗೋಡೆಗೆ ಕಿವಿ ಇಟ್ಟು ‘ಇನ್ನೊಮ್ಮೆ ಬಾರಿಸಿ’ ಅಂದರು. ಅರ್ಧ ಗಂಟೆ ಹಾಗೇ ಕೇಳಿದರು.

ಎದುರಿನ ಬರ್ತಿನಲ್ಲಿ ಕೂತ ಡ್ರಮ್ಮರ್ ತನ್ನ ಬಲಗಾಲನ್ನು ಕಬ್ಬಿಣದ ಮೆಟ್ಟಿಲಿಗೆ ತಟ್ಟುತ್ತಿದ್ದ. ಬೇಸ್ ನುಡಿಸುವವರ ಅರ್ಧ ಜೀವನ ಡ್ರಮ್ಮರಿನ ಬಲಗಾಲು ನೋಡುವುದರಲ್ಲೇ ಹೋಗುತ್ತದೆ. ಆ ಕಾಲು ದೊಡ್ಡ ಡ್ರಮ್ಮಿಗೆ ಹೊಡೆಯುವ ಹೊತ್ತಿಗೇ ನನ್ನ ಬೆರಳು ತಂತಿ ಬಿಡಬೇಕು. ಒಂದು ಕೂದಲೆಳೆ ಹಿಂದೆ ಬಿದ್ದರೆ ಹಾಡು ಆರಾಮಾಗಿ ಕೂರುತ್ತದೆ, ಒಂದು ಕೂದಲೆಳೆ ಮುಂದೆ ಹೋದರೆ ಹಾಡಿಗೆ ಅವಸರ ಬರುತ್ತದೆ. ಎರಡೂ ಬೇಕು. ಯಾವ ಹಾಡಿಗೆ ಯಾವುದು ಅನ್ನೋದನ್ನು ನಾವಿಬ್ಬರೂ ಮಾತಾಡಿ ತೀರ್ಮಾನ ಮಾಡಿದ್ದಲ್ಲ. ನುಡಿಸಿ ನುಡಿಸಿ ಗೊತ್ತಾದದ್ದು.

ಶನಿವಾರ, ಶಿಲ್ಲಾಂಗ್

ಬೆಳಿಗ್ಗೆ ಗುವಾಹಟಿಯಲ್ಲಿ ಇಳಿದು ಪಲ್ಟನ್ ಬಜಾರಿನಲ್ಲಿ ಸುಮೋ ಹಿಡಿದೆವು. ಶಿಲ್ಲಾಂಗ್ ಅಲ್ಲಿಂದ ಸುಮಾರು ನೂರು ಕಿಲೋಮೀಟರ್. ಜೋರಾಬಾಟ್ ದಾಟಿದ ಮೇಲೆ ಘಾಟಿ. ಬೇಸನ್ನು ಮೇಲಿನ ಕ್ಯಾರಿಯರಿಗೆ ಹಾಕಲು ನಾನು ಒಪ್ಪಲಿಲ್ಲ. ದಾರಿಯುದ್ದಕ್ಕೂ ಕಾಲುಗಳ ನಡುವೆ ನಿಲ್ಲಿಸಿಕೊಂಡೇ ಕೂತೆ. ನಾಂಗ್‌ಪೋದಲ್ಲಿ ಚಹಾ, ಅನಾನಸ್. ಉಮಿಯಮ್ ಸರೋವರ ಕಂಡಾಗ ಡ್ರೈವರ್ ತಾನಾಗಿಯೇ ಗಾಡಿ ನಿಧಾನ ಮಾಡಿದರು.

ಶಿಲ್ಲಾಂಗಿಗೆ ರಾಕ್ ಸಂಗೀತದ ರಾಜಧಾನಿ ಅಂತ ಹೆಸರಿದೆ. ಆ ಹೆಸರು ಸುಮ್ನೆ ಬಂದದ್ದಲ್ಲ. ಇಲ್ಲಿನ ಗಾಯಕ ಲೌ ಮಾಜಾ 1972ರಿಂದ ಪ್ರತಿ ವರ್ಷ ಮೇ 24ಕ್ಕೆ ಅಮೆರಿಕದ ಹಾಡುಗಾರ ಬಾಬ್ ಡಿಲನ್ ಹುಟ್ಟುಹಬ್ಬ ಮಾಡುತ್ತಾ ಬಂದಿದ್ದಾರೆ. ಸೋಲ್‌ಮೇಟ್ ಬ್ಯಾಂಡಿನ ಬ್ಲೂಸ್ ಕೇಳಿದವರಿಗೆ ಈ ಊರಿನ ಮಟ್ಟ ಏನು ಅಂತ ಗೊತ್ತು. ಹಿಂದಿನ ವರ್ಷವಷ್ಟೇ, 2010ರಲ್ಲಿ, ಶಿಲ್ಲಾಂಗ್ ಚೇಂಬರ್ ಕಾಯರ್ ಟಿವಿ ಸ್ಪರ್ಧೆ ಗೆದ್ದು ಇಡೀ ದೇಶಕ್ಕೆ ಪರಿಚಯವಾಗಿತ್ತು. ಇಂಥ ಊರಿನಲ್ಲಿ ನುಡಿಸುವಾಗ ಬೆರಳು ತಣ್ಣಗಾಗುವುದು ಸಹಜ. ಅದರ ಮೇಲೆ ಚಳಿ ಬೇರೆ. ಊರು ಹತ್ತಿರ ಹತ್ತಿರ 1,500 ಮೀಟರ್ ಎತ್ತರದಲ್ಲಿದೆ, ನವೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲು.

ಶೋಗೆ ಮುಂಚೆ ಒಬ್ಬರು ಕ್ವಾಯ್ ಕೊಟ್ಟರು. ಎಲೆ, ಸುಣ್ಣ, ಅಡಿಕೆ. ಅಡಿಕೆ ತೋಟದ ಹುಡುಗ ನಾನು, ಇದೇನು ದೊಡ್ಡದು ಅಂತ ಬಾಯಿಗೆ ಹಾಕಿದೆ. ನಮ್ಮ ಕಡೆ ಅಡಿಕೆಯನ್ನು ಬೇಯಿಸಿ, ಒಣಗಿಸಿ ಕೆಂಪಡಿಕೆ ಮಾಡುತ್ತಾರೆ. ಇಲ್ಲಿಯದು ಹಸಿಯಾಗಿ, ತೇವವಾಗಿ ಇರುತ್ತದೆ. ಎರಡು ನಿಮಿಷದಲ್ಲಿ ಕಿವಿ ಬಿಸಿಯಾಯಿತು, ಹಣೆಯಲ್ಲಿ ಬೆವರು. ಆ ಚಳಿಗೆ ಅದೇ ಸರಿ. ಬೆರಳಿಗೂ ಬಿಸಿ ಬಂತು.

ನಾವು ನುಡಿಸಿದ್ದು ಹಳೆಯ ಮನೆಯೊಂದರ ಕೆಫೆಯಲ್ಲಿ. ಮರದ ಚೌಕಟ್ಟು, ತೆಳು ಗೋಡೆ, ತಗಡಿನ ಚಾವಣಿ, ಹಲಗೆ ನೆಲ. ಇದಕ್ಕೆ ಅಸ್ಸಾಂ ಮಾದರಿ ಮನೆ ಅನ್ನುತ್ತಾರೆ. 1897ರ ಭೂಕಂಪದಲ್ಲಿ ಶಿಲ್ಲಾಂಗಿನ ಕಲ್ಲಿನ ಕಟ್ಟಡಗಳೆಲ್ಲ ಕುಸಿದ ಮೇಲೆ ಇಂಥ ಹಗುರ ಮನೆಗಳು ಎಲ್ಲೆಡೆ ಬಂದವು. ಬೇಸಿಗೆ ಇದಕ್ಕಿಂತ ಒಳ್ಳೆಯ ಜಾಗ ನಾನು ನೋಡಿಲ್ಲ. ಬೇಸಿನ ಅತಿ ದಪ್ಪ ತಂತಿ ಸೆಕೆಂಡಿಗೆ 41 ಸಲ ಅದುರುತ್ತದೆ. ಆ ಸದ್ದಿನ ಒಂದು ಅಲೆಯೇ ಎಂಟು ಮೀಟರಿಗಿಂತ ಉದ್ದ. ಕಾಂಕ್ರೀಟ್ ಕೋಣೆಯಲ್ಲಿ ಅದು ಗೋಡೆಯಿಂದ ಗೋಡೆಗೆ ಬಡಿದು, ಒಂದು ಮೂಲೆಯಲ್ಲಿ ಗುಂಯ್ ಅಂತ ತುಂಬಿಕೊಳ್ಳುತ್ತದೆ, ಇನ್ನೊಂದು ಕಡೆ ಮಾಯವಾಗುತ್ತದೆ. ಇಲ್ಲಿ ತೆಳು ಗೋಡೆ ಆ ಸದ್ದನ್ನು ಹಿಡಿದಿಡದೆ ಹೊರಗೆ ಬಿಟ್ಟುಕೊಟ್ಟಿತು. ನೆಲದ ಹಲಗೆ ಮಾತ್ರ ಅದನ್ನು ಜನರ ಪಾದಕ್ಕೆ ಮುಟ್ಟಿಸಿತು. ಮುಂದಿನ ಮೇಜಿನ ಹುಡುಗಿಯೊಬ್ಬಳು ಚಪ್ಪಲಿ ಬಿಟ್ಟು ಬರಿಗಾಲು ಊರಿ ಕೂತಳು. ನಾನು ಇಡೀ ಸಂಜೆ ಅವಳ ಕಾಲಿಗೇ ನುಡಿಸಿದೆ ಅನ್ನಬೇಕು.

ಭಾನುವಾರ, ಶಿಲ್ಲಾಂಗ್

ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಹುಬ್ಬಳ್ಳಿಯವನು ಮಧ್ಯಾಹ್ನದವರೆಗೆ ಮಲಗಿದ. ಕೆಫೆಯವರು ತಾವು ಹೋಗುವ ಪ್ರೆಸ್ಬಿಟೇರಿಯನ್ ಚರ್ಚಿಗೆ ಕರೆದರು. ನಾನು, ಡ್ರಮ್ಮರ್ ಇಬ್ಬರೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು.

1841ರಲ್ಲಿ ವೇಲ್ಸಿನ ಥಾಮಸ್ ಜೋನ್ಸ್ ಸೊಹ್ರಾಕ್ಕೆ, ಅಂದರೆ ನಾವು ಚಿರಾಪುಂಜಿ ಅನ್ನುವ ಊರಿಗೆ, ಬಂದರು. ಖಾಸಿ ಭಾಷೆಗೆ ರೋಮನ್ ಲಿಪಿ ಹೊಂದಿಸಿದವರು ಅವರೇ. ಅವರ ಹಿಂದೆ ಬಂದ ವೆಲ್ಷ್ ಮಿಶನರಿಗಳು ಪ್ರಾರ್ಥನೆಯ ಜೊತೆಗೆ ತಮ್ಮೂರಿನ ಗುಂಪು ಹಾಡಿಕೆಯನ್ನೂ ತಂದರು. ಮೇಲಿನಿಂದ ಕೆಳಕ್ಕೆ ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಅಂತ ನಾಲ್ಕು ದನಿ. ಇದೆಲ್ಲ ನಾನು ಓದಿ ತಿಳಿದಿದ್ದೆ. ಕಿವಿಯಲ್ಲಿ ಕೇಳಿದ್ದು ಅವತ್ತೇ.

ವಾದ್ಯ ನಿಂತು ಬರೀ ದನಿಗಳು ಉಳಿದವು. ವೇದಿಕೆಯ ಮೇಲಿನ ಗಾಯಕರಷ್ಟೇ ಹಾಡುತ್ತಾರೆ ಅಂದುಕೊಂಡಿದ್ದೆ. ನನ್ನ ಪಕ್ಕದಲ್ಲಿ ಕೂತ ಅಜ್ಜ ಬಾಯಿ ತೆರೆದರು. ಅವರು ಹಾಡಿದ್ದು ರಾಗವನ್ನಲ್ಲ, ಅದರ ಕೆಳಗಿನ ದನಿಯನ್ನು. ಸ್ವರ ನಿಧಾನಕ್ಕೆ ಇಳಿಯಿತು, ಒಂದು ಕಡೆ ನಿಂತಿತು, ಸಾಲು ಮುಗಿಯುವ ಮುಂಚೆ ಮೆಟ್ಟಿಲು ಹತ್ತುವ ಹಾಗೆ ಮೇಲೆ ಬಂದು ಮನೆಗೆ ಸೇರಿತು. ನಾನು ನಮ್ಮ ಹಾಡುಗಳಲ್ಲಿ ಮಾಡುವುದೂ ಇದನ್ನೇ! ಆಮೇಲೆ ಕಿವಿಗೊಟ್ಟರೆ ಇಡೀ ಸಭೆಯೇ ಹೀಗೆ ಹಂಚಿಕೊಂಡಿತ್ತು. ಯಾರೂ ಯಾರಿಗೂ ಹೇಳಿರಲಿಲ್ಲ. ಅವರವರ ದನಿ ಅವರವರಿಗೆ ಗೊತ್ತಿತ್ತು.

ಬೆಂಗಳೂರಿನಲ್ಲಿ ಶೋ ಮುಗಿದ ಮೇಲೆ ಜನ ಹಾಡುವವನ ಕೈ ಕುಲುಕುತ್ತಾರೆ, ಗಿಟಾರಿಸ್ಟ್ ಹತ್ತಿರ ಸದ್ದು ಬದಲಿಸುವ ಪೆಡಲ್ ಬಗ್ಗೆ ಕೇಳುತ್ತಾರೆ. ನನಗೆ ಅದರ ಬೇಸರ ಇರಲಿಲ್ಲ, ಆದರೆ ನನ್ನ ಭಾಗವನ್ನು ಯಾರಾದರೂ ಒಂದು ಹಾಡಾಗಿ ಕೇಳಿಸಿಕೊಳ್ಳುತ್ತಾರೆ ಅನ್ನುವ ಯೋಚನೆಯೂ ಇರಲಿಲ್ಲ. ಆ ಅಜ್ಜ ಬದುಕಿಡೀ ಅದನ್ನೇ ಹಾಡಿದ್ದಾರೆ, ಅಲ್ವಾ? ಚರ್ಚಿನಿಂದ ಹೊರಗೆ ಬಂದ ಮೇಲೂ ಡ್ರಮ್ಮರ್ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಅವನು ಹೇಳಿದ್ದು ಒಂದೇ ಮಾತು: ‘ನೀನು ಇನ್ನೂ ಉದ್ದ ಸ್ವರ ಹಿಡಿಯಬೇಕು ಕಣೋ.’

ಮಧ್ಯಾಹ್ನ ಜಾದೋ ತಿಂದೆವು, ಹಂದಿ ಮಾಂಸದ ಜೊತೆ ಬೇಯಿಸಿದ ಅನ್ನ. ಡ್ರಮ್ಮರ್ ಸಸ್ಯಾಹಾರಿ, ಅವನಿಗೆ ಅನ್ನ, ಬೇಳೆ, ಆಲೂಗಡ್ಡೆ.

ಸೋಮವಾರ, ಗುವಾಹಟಿ

ಬೆಟ್ಟ ಇಳಿದ ಕೂಡಲೇ ಸೆಕೆ. ಶೋ ಇದ್ದದ್ದು ಒಂದು ಕಾಲೇಜಿನ ಸಭಾಂಗಣದಲ್ಲಿ. ಬಾಡಿಗೆಗೆ ತಂದ ಬೇಸ್ ಆಂಪ್ ಆನ್ ಮಾಡಿದ ತಕ್ಷಣ ಗುಂಯ್ ಅನ್ನುವ ಹಮ್ಮಿಂಗ್.

ಈ ಹಮ್ಮಿಂಗ್ ಬಗ್ಗೆ ಸ್ವಲ್ಪ ಹೇಳಬೇಕು, ಬೇಸಿನವರಿಗೆ ಇದು ಹಳೆಯ ಶತ್ರು. ನಮ್ಮ ದೇಶದ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸಲ ಅದುರುತ್ತದೆ. ಬೇಸಿನ ದಪ್ಪ ತಂತಿಯಲ್ಲಿ ಮೂರನೇ ಮನೆ (ಕತ್ತಿನ ಮೇಲೆ ಫ್ರೆಟ್ ಅನ್ನುವ ಲೋಹದ ಪಟ್ಟಿಗಳ ನಡುವಿನ ಜಾಗ) ಒತ್ತಿದರೆ ಬರುವ ಜಿ ಸ್ವರ 49 ಹರ್ಟ್ಜ್. ಅಂದರೆ ಕರೆಂಟಿನ ಹಮ್ಮಿಂಗ್ ನನ್ನ ಜಿಗಿಂತ ಒಂದೇ ಒಂದು ಹರ್ಟ್ಜ್ ಮೇಲೆ ಕೂತಿರುತ್ತದೆ. ನಮ್ಮ ಒಂದು ಕನ್ನಡ ಹಾಡಿನಲ್ಲಿ ನನ್ನ ಸಾಲು ಶುರುವಾಗುವುದೇ ಜಿ ಇಂದ. ಆ ಸ್ವರ ಹಿಡಿದು ನಿಂತರೆ ಎರಡೂ ಒಂದಕ್ಕೊಂದು ತಾಗಿ, ಸೆಕೆಂಡಿಗೊಮ್ಮೆ ಸದ್ದು ಉಬ್ಬುತ್ತದೆ, ತಗ್ಗುತ್ತದೆ. ವಾಂವ್, ವಾಂವ್, ವಾಂವ್. ಹಾಡಿನ ತಾಳ ಒಂದಾದರೆ ಕರೆಂಟಿನ ತಾಳ ಇನ್ನೊಂದು. ಹಿಂದಿನ ದಿನವಷ್ಟೇ ಉದ್ದ ಸ್ವರ ಹಿಡಿಯಬೇಕು ಅಂತ ತೀರ್ಮಾನಿಸಿದ್ದ ನನಗೆ ಇದು ತಡೆಯಲಾಗದ ಕಿರಿಕಿರಿ.

ಸೌಂಡಿನ ಹುಡುಗನೊಬ್ಬ ಕಟಿಂಗ್ ಪ್ಲೇಯರ್ ತಂದು, ಪ್ಲಗ್ಗಿನ ಅರ್ಥಿಂಗ್ ಪಿನ್ ಕತ್ತರಿಸಿದರೆ ಹಮ್ಮಿಂಗ್ ಹೋಗುತ್ತದೆ ಅಂದ. ಹೋಗುತ್ತದೆ ನಿಜ. ಡ್ರಮ್ಮರ್ ಓದಿದ್ದು ಎಲೆಕ್ಟ್ರಿಕಲ್. ಅವನು ಪ್ಲಗ್ ಮುಂದೆ ಕೈ ಅಡ್ಡ ಇಟ್ಟು ನಿಂತುಬಿಟ್ಟ. ಅರ್ಥಿಂಗ್ ಇಲ್ಲದ ಆಂಪಿನಲ್ಲಿ ಏನಾದರೂ ಸೋರಿದರೆ ಕರೆಂಟು ತಂತಿಯ ಮೂಲಕ ನುಡಿಸುವವನ ಕೈಗೇ ಬರುತ್ತದೆ. ಅವನ ತುಟಿ ಮೈಕಿಗೆ ತಾಗಿದರೆ ಮುಗಿಯಿತು. ವೇದಿಕೆಯ ಮೇಲೆ ಹೀಗೆ ಸತ್ತವರಿದ್ದಾರೆ. ಚಿಕ್ಕ ಬ್ಯಾಂಡುಗಳಲ್ಲಿ ನುಡಿಸುವ ಹುಡುಗರು ಇದನ್ನು ಓದುತ್ತಿದ್ದರೆ ದಯವಿಟ್ಟು ನೆನಪಿಡಿ: ಅರ್ಥಿಂಗ್ ಪಿನ್ ಯಾವತ್ತೂ ತೆಗೆಯಬೇಡಿ.

ನನ್ನ ಬ್ಯಾಗಿನಲ್ಲಿ ಡಿಐ ಬಾಕ್ಸ್ ಇತ್ತು, ಬೇಸಿನ ಸಿಗ್ನಲ್ಲನ್ನು ಸೌಂಡಿನವರ ಮಿಕ್ಸರಿಗೆ ಕಳಿಸುವ ಸಾಧನ. ಅಂಗೈಯಗಲದ ತಗಡಿನ ಡಬ್ಬಿ, ಒಳಗೆ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರ್. ಅದರ ಬದಿಯಲ್ಲಿ ಗ್ರೌಂಡ್ ಲಿಫ್ಟ್ ಅಂತ ಒಂದು ಪುಟ್ಟ ಸ್ವಿಚ್ಚು. ಆಂಪಿಗೂ ಮಿಕ್ಸರಿಗೂ ಬೇರೆ ಬೇರೆ ಜಾಗದಲ್ಲಿ ಅರ್ಥಿಂಗ್ ಇದ್ದಾಗ ನಡುವಿನ ಕೇಬಲ್ ಒಂದು ಸುತ್ತು ಪೂರ್ತಿ ಮಾಡುತ್ತದೆ. ಹಮ್ಮಿಂಗ್ ಹುಟ್ಟುವುದು ಆ ಸುತ್ತಿನಲ್ಲಿ. ಈ ಸ್ವಿಚ್ಚು ಸಿಗ್ನಲ್ ಕೇಬಲಿನ ನೆಲದ ಸಂಪರ್ಕವನ್ನಷ್ಟೇ ಬಿಡಿಸುತ್ತದೆ, ಪ್ಲಗ್ಗಿನ ಅರ್ಥಿಂಗ್ ಹಾಗೇ ಇರುತ್ತದೆ. ಒತ್ತಿದೆ. ಟಕ್ ಅಂತ ಹಮ್ಮಿಂಗ್ ನಿಂತು ಸಭಾಂಗಣದ ಫ್ಯಾನುಗಳ ಸದ್ದು ಕೇಳಿಸಿತು. ಶೋ ಚೆನ್ನಾಗಿಯೇ ಆಯಿತು. ಹುಡುಗರು ಕುಣಿದರು. ಆ ರಾತ್ರಿಯೇ ದೀಮಾಪುರದ ರೈಲು.

ಮಂಗಳವಾರ, ದೀಮಾಪುರದಿಂದ ಕೊಹಿಮಾ

ನಾಗಾಲ್ಯಾಂಡಿಗೆ ಹೋಗಲು ಹೊರಗಿನವರಿಗೆ ಇನ್ನರ್ ಲೈನ್ ಪರ್ಮಿಟ್ ಬೇಕು, 1873ರಲ್ಲಿ ಬ್ರಿಟಿಷರು ಮಾಡಿದ ಕಾನೂನಿನಿಂದ ಬಂದದ್ದು. ಆಗ ದೀಮಾಪುರಕ್ಕೆ ವಿನಾಯಿತಿ ಇತ್ತು. ಚುಮುಕೆಡಿಮಾ ಗೇಟಿನಲ್ಲಿ ಕಾಗದ ತೋರಿಸಿದೆವು. ಪೊಲೀಸರು ಬೇಸಿನ ಪೆಟ್ಟಿಗೆ ತೆರೆಸಿದರು. ಒಳಗೆ ನೋಡಿ ಒಬ್ಬರು ‘ಬೇಸ್!’ ಅಂದರು. ಗಿಟಾರ್ ಅನ್ನಲಿಲ್ಲ. ನಮ್ಮೂರ ಕಡೆ ಎಷ್ಟೋ ಸಲ ಬಸ್ಸಿನಲ್ಲಿ ಇದು ವೀಣೆಯೋ, ಬಂದೂಕೋ ಅಂತ ಕೇಳಿಸಿಕೊಂಡವನು ನಾನು. ಖುಷಿಯಾಯಿತು.

ಎಪ್ಪತ್ತು ಚಿಲ್ಲರೆ ಕಿಲೋಮೀಟರ್ ದಾರಿ, ಅಲ್ಲಲ್ಲಿ ಗುಡ್ಡ ಕುಸಿದು ಕೆಸರು. ಒಂದು ಕಡೆ ಆಳ ಕಣಿವೆ. ಗಿಟಾರಿಸ್ಟ್ ಇದ್ದಕ್ಕಿದ್ದ ಹಾಗೆ ಕ್ಲಿಫ್ ಬರ್ಟನ್ ಹೆಸರು ಎತ್ತಿದ. ಮೆಟಾಲಿಕಾದ ಮೊದಲ ಆಲ್ಬಮ್ಮುಗಳಲ್ಲಿ ಬೇಸ್ ನುಡಿಸಿದವರು. 1986ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನಲ್ಲಿ ಟೂರ್ ಬಸ್ಸು ಮಗುಚಿ ತೀರಿಕೊಂಡರು, ವಯಸ್ಸು ಬರೀ 24. ಗಾಡಿಯಲ್ಲಿ ಎಲ್ಲರೂ ಸುಮ್ಮನಾದೆವು. ಡ್ರೈವರಿಗೆ ನಿಧಾನ ಹೋಗಿ ಅಂತ ಹೇಳಿದ್ದು ನಾನೇ.

ಬುಧವಾರ, ಕೊಹಿಮಾ

ಬೆಳಿಗ್ಗೆ ಬೇಸ್ ತೆಗೆದರೆ ತಂತಿ ಪರಪರ ಅನ್ನುತ್ತಿದೆ. ಗುವಾಹಟಿಯ ತೇವದಿಂದ ಕೊಹಿಮಾದ ಒಣ ಚಳಿಗೆ ಬಂದದ್ದರಿಂದ ಮರದ ಕತ್ತು ಒಂಚೂರು ಹಿಂದಕ್ಕೆ ಬಾಗಿತ್ತು. ಮೊದಲ ಮೂರ್ನಾಲ್ಕು ಮನೆಗಳಲ್ಲಿ ತಂತಿ ಫ್ರೆಟ್ಟಿಗೆ ತಾಗುತ್ತಿತ್ತು. ಕತ್ತಿನೊಳಗೆ ಒಂದು ಕಬ್ಬಿಣದ ಸರಳು ಇರುತ್ತದೆ, ಟ್ರಸ್ ರಾಡ್. ಅಲನ್ ಕೀ ಹಾಕಿ ಅದನ್ನು ಕಾಲು ಸುತ್ತಿಗಿಂತ ಕಡಿಮೆ ಸಡಿಲಿಸಿದೆ. ಬಿಸಿಲಿನಲ್ಲಿ ಕೂತು ಕಾದೆ. ಒಂದನೇ ಮನೆ ಮತ್ತು ಕತ್ತು ಮುಗಿಯುವ ಜಾಗ ಎರಡನ್ನೂ ಒತ್ತಿ ಹಿಡಿದು, ನಡುವೆ ತಂತಿಗೂ ಫ್ರೆಟ್ಟಿಗೂ ವಿಸಿಟಿಂಗ್ ಕಾರ್ಡ್ ದಪ್ಪದ ಸಂದು ಬಂದಿದೆಯಾ ನೋಡಿದೆ. ಬಂದಿತ್ತು. ಪರಪರ ನಿಂತಿತು.

ಶೋ ಮೂರು ಗಂಟೆಗೆ. ಕತ್ತಲಾಗುವ ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕುವ ಊರು, ತಡ ಮಾಡುವ ಹಾಗಿಲ್ಲ. ಸಮುದಾಯ ಭವನದಂಥ ಚಿಕ್ಕ ಹಾಲ್, ನೂರೈವತ್ತು ಜನ ಇರಬಹುದು. ಮೊದಲ ಹಾಡುಗಳಿಗೆ ಚಪ್ಪಾಳೆ ಬಂತು, ಅಷ್ಟೇ.

ಜಿ ಇಂದ ಶುರುವಾಗುವ ಆ ಕನ್ನಡ ಹಾಡು ಬಂತು. ಅದರ ನಡುವೆ ಒಂದು ಕಡೆ ಗಿಟಾರ್ ನಿಲ್ಲುತ್ತದೆ, ಹಾಡೂ ನಿಲ್ಲುತ್ತದೆ, ಡ್ರಮ್ಮರಿನ ಬಲಗಾಲು ಮತ್ತು ಬೇಸ್ ಮಾತ್ರ ಉಳಿಯುತ್ತವೆ. ಆರು ಸ್ವರದ ಚಿಕ್ಕ ಸಾಲು, ಸುತ್ತಿ ಸುತ್ತಿ ಬರುತ್ತದೆ. ನಾನು ಅವತ್ತು ಸ್ವರಗಳನ್ನು ಉದ್ದ ಹಿಡಿದೆ, ಒಂದರ ತುದಿಗೆ ಇನ್ನೊಂದು ಅಂಟುವಷ್ಟು. ಎರಡು ಸುತ್ತು ಆಯಿತು. ಮೂರನೆಯದಕ್ಕೆ ಎಡಗಡೆ ಮುಂದಿನ ಸಾಲಿನಿಂದ ಯಾರೋ ಅದೇ ಸಾಲನ್ನು ಹಾಡುತ್ತಿರುವುದು ಕೇಳಿಸಿತು. ಮಾತಿಲ್ಲ, ಬರೀ ಊಊ ಅಂತ. ನನಗಿಂತ ಒಂದು ಸ್ಥಾಯಿ ಮೇಲೆ, ಸರಿಯಾಗಿ ಅದೇ ಸ್ವರಗಳು. ಕಾಲೇಜು ವಯಸ್ಸಿನ ನಾಲ್ಕೈದು ಹುಡುಗರು. ಮುಂದಿನ ಸುತ್ತಿಗೆ ಅವರ ಹಿಂದಿನವರು ಸೇರಿದರು. ಅದರ ಮುಂದಿನದಕ್ಕೆ ಬಲಗಡೆಯ ಹುಡುಗಿಯರು ಅದರ ಮೇಲೆ ಬೇರೆಯೇ ಒಂದು ದನಿ ಕಟ್ಟಿದರು. ನಾವು ಆ ಹಾಡಿಗೆ ಯಾವತ್ತೂ ಬರೆಯದಿದ್ದ ದನಿ ಅದು.

ಡ್ರಮ್ಮರ್ ನನ್ನ ಮುಖ ನೋಡಿದ. ಗಿಟಾರಿಸ್ಟ್ ಒಳಗೆ ಬರಬೇಕಾದ ಜಾಗ ಬಂತು, ಹೋಯಿತು. ಅವನು ಬರಲಿಲ್ಲ. ಕೈ ಕಟ್ಟಿಕೊಂಡು ಕೇಳುತ್ತಾ ನಿಂತ. ಎಷ್ಟು ಹೊತ್ತು ಹಾಗೆ ನಡೆಯಿತೋ. ಹುಬ್ಬಳ್ಳಿಯವನು ಆ ದನಿಗಳ ಮೇಲೆ ಕನ್ನಡದ ಸಾಲು ಎತ್ತಿಕೊಂಡಾಗ ನನ್ನ ಕಣ್ಣು ತುಂಬಿ ಫ್ರೆಟ್ಟುಗಳು ಕಾಣಿಸುತ್ತಿರಲಿಲ್ಲ. ಪುಣ್ಯಕ್ಕೆ ಬೆರಳಿಗೆ ದಾರಿ ಗೊತ್ತಿತ್ತು.

ಶೋ ಮುಗಿದ ಮೇಲೆ ಆ ಹುಡುಗರನ್ನು ಹುಡುಕಿ ಹೋದೆ. ಎಲ್ಲರೂ ಚರ್ಚಿನ ಗಾಯನ ಗುಂಪಿನವರು. 1872ರಿಂದ ನಾಗಾ ಬೆಟ್ಟಗಳಲ್ಲಿ ಅಮೆರಿಕದ ಬ್ಯಾಪ್ಟಿಸ್ಟರು ಬೇರೂರಿದರು. ಇಲ್ಲೂ ಅದೇ ನಾಲ್ಕು ದನಿಯ ಹಾಡು. ಅವರಲ್ಲೊಬ್ಬ ನಮ್ಮ ಸೆಟ್ ಲಿಸ್ಟಿನ, ಅಂದರೆ ಅವತ್ತಿನ ಹಾಡುಗಳ ಪಟ್ಟಿಯ, ಹಾಳೆ ತಿರುಗಿಸಿ ನನ್ನ ಸಾಲನ್ನು ಬರೆದುಕೊಟ್ಟ: ಡೋ, ಸೋ, ಲಾ, ಸೋ, ಫಾ, ರೇ. ಒಂದೊಂದು ಸ್ವರಕ್ಕೂ ಇಂಗ್ಲಿಷಿನ ಒಂದೊಂದೇ ಅಕ್ಷರ. ನಡುವೆ ತಾಳಕ್ಕೆ ಎರಡು ಚುಕ್ಕಿ, ಉದ್ದ ಹಿಡಿದ ಕಡೆ ಗೆರೆ. ಟಾನಿಕ್ ಸೋಲ್ಫಾ ಅಂತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಕರ್ವೆನ್ ಬೆಳೆಸಿ ಹರಡಿದ ಪದ್ಧತಿ. ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ (ಸ್ಟಾಫ್) ಕಲಿಯದವರೂ ಇದರಿಂದ ಗುಂಪಿನಲ್ಲಿ ಹಾಡಬಲ್ಲರು. ಈಶಾನ್ಯದ ಎಷ್ಟೋ ಚರ್ಚುಗಳಲ್ಲಿ ಮಕ್ಕಳು ಇದನ್ನೇ ಓದಿ ಬೆಳೆಯುತ್ತಾರೆ. ಇದರಲ್ಲಿ ಡೋ ಎಲ್ಲಿ ಬೇಕಾದರೂ ಇರಬಹುದು, ನಮ್ಮ ಷಡ್ಜದ ಹಾಗೆ. ನಾನು ಅದರ ಕೆಳಗೆ ಸ ಪ ದ ಪ ಮ ರಿ ಅಂತ ಕನ್ನಡದಲ್ಲಿ ಬರೆದೆ. ಅವನು ಅದನ್ನು ಓದಲು ಕಲಿಸು ಅಂದ. ಹಾಲಿನ ಮೆಟ್ಟಿಲ ಮೇಲೆ ಕೂತು ಇಬ್ಬರೂ ಹಾಡಿದೆವು. ಆ ಹಾಳೆ ಈಗಲೂ ನನ್ನ ಬೇಸಿನ ಪೆಟ್ಟಿಗೆಯಲ್ಲಿದೆ.

ರಾತ್ರಿ ಅವರಲ್ಲೊಬ್ಬನ ಮನೆಯಲ್ಲಿ ಊಟ. ಹೊಗೆ ಹಾಕಿದ ಹಂದಿ ಮಾಂಸ, ಅಖುನಿ ಅನ್ನುವ ಹುದುಗಿಸಿದ ಸೋಯಾ, ರಾಜಾ ಮಿರ್ಚಾ ಚಟ್ನಿ. ಡ್ರಮ್ಮರಿಗಾಗಿ ಅವರಮ್ಮ ಬೇರೆಯಾಗಿ ಸೊಪ್ಪು ಬೇಯಿಸಿದ್ದರು.

ಗುರುವಾರ, ವಾಪಸ್ ದಾರಿ

ಬೆಳಿಗ್ಗೆ ಯುದ್ಧ ಸ್ಮಶಾನಕ್ಕೆ ಹೋದೆವು. 1944ರಲ್ಲಿ ಬ್ರಿಟಿಷ್-ಭಾರತೀಯ ಸೈನಿಕರು ಜಪಾನಿ ಸೈನ್ಯವನ್ನು ತಡೆದ ಜಾಗ. ಆಗ ಅಲ್ಲಿದ್ದ ಟೆನಿಸ್ ಕೋರ್ಟಿನ ಗೆರೆಗಳನ್ನು ಇನ್ನೂ ಗುರುತಿಸಿ ಇಟ್ಟಿದ್ದಾರೆ, ಅಷ್ಟೇ ಅಗಲದ ಜಾಗದ ಎರಡೂ ಬದಿಗೆ ಸೈನಿಕರು ಹೊಡೆದಾಡಿದ್ದು. ಸಮಾಧಿ ಕಲ್ಲುಗಳ ಮೇಲಿನ ವಯಸ್ಸು ಓದುತ್ತಾ ಹೋದರೆ 20, 22, 19. ನಮ್ಮೆಲ್ಲರಿಗಿಂತ ಚಿಕ್ಕವರು. ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ದೀಮಾಪುರದಿಂದ ಗುವಾಹಟಿಗೆ, ಅಲ್ಲಿಂದ ಬೆಂಗಳೂರಿನ ರೈಲಿಗೆ. ಮೇಲಿನ ಬರ್ತಿನಲ್ಲಿ ಬೇಸಿನ ತಲೆಯನ್ನು ಗೋಡೆಗೆ ಒತ್ತಿ ನಾನು, ಎದುರಿಗೆ ಡ್ರಮ್ಮರ್. ಕನ್ನಡ ಹಾಡನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದೆವು. ಗಿಟಾರಿನಿಂದ ಶುರುವಾಗುತ್ತಿದ್ದದ್ದು ಈಗ ಬೇಸಿನ ಆರು ಸ್ವರದಿಂದ ಶುರು. ಹಾಡುವವನು ಮೊದಲು ಒಪ್ಪಲಿಲ್ಲ, ಜನ ಬೇಜಾರಾಗುತ್ತಾರೆ ಅಂದ. ಗಿಟಾರಿಸ್ಟೇ ಅವನನ್ನು ಒಪ್ಪಿಸಿದ: ತನ್ನ ಸೋಲೋ ಅರ್ಧ ಮಾಡಿ ಆ ಜಾಗದಲ್ಲಿ ನಾಲ್ವರೂ ದನಿ ಹಾಡೋಣ ಅಂದ. ಭುವನೇಶ್ವರ ಬರುವ ಹೊತ್ತಿಗೆ ಯಾರು ಯಾವ ದನಿ ಅಂತ ಹಂಚಿಕೊಂಡಾಗಿತ್ತು. ಡ್ರಮ್ಮರಿಗೆ ಬಂಗಾರಪೇಟೆಯವರೆಗೂ ಟೆನರ್ ಸಾಲು ಬಾಯಿಗೆ ಬರಲಿಲ್ಲ. ಜನವರಿಯಲ್ಲಿ ಬೆಂಗಳೂರಿನಲ್ಲಿ ಅದನ್ನು ಹಾಗೇ ನುಡಿಸಿದೆವು, ಬ್ಯಾಂಡ್ ಇರುವವರೆಗೂ ಹಾಗೇ ನುಡಿಸಿದೆವು.